ನೀವು ಕೇಳಿದಿರಿ: ಟ್ರಿನಿಟಿ ಕಾಲೇಜಿನಲ್ಲಿ ಯಾರ್ಯಾರಿದ್ದರು?

ಪ್ರಶ್ನೆ: ನ್ಯೂಟನ್, ರಾಮಾನುಜನ್, ನೆಹರು ಮೂವರೂ ಒಂದೇ ಕಾಲೇಜಿನವರು ಅಂತ ಓದಿದೆ. ನಿಜವೇ? ಒಂದೇ ಕಡೆ ಅಷ್ಟು ಜನ ಹೇಗೆ?
(ಬಿ.ಎಸ್ಸಿ. ವಿದ್ಯಾರ್ಥಿ, ಹಾಸನ)

ನಿಜ. ಅದು ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು. ಎಂಟನೇ ಹೆನ್ರಿ ದೊರೆ ಎರಡು ಹಳೆಯ ಕಾಲೇಜುಗಳನ್ನು ಸೇರಿಸಿ 1546ರಲ್ಲಿ ಕಟ್ಟಿದ್ದು. ಅಲ್ಲಿನ ಕಾಲೇಜು ನಮ್ಮೂರಿನ ಕಾಲೇಜಿನ ಥರ ಅಲ್ಲ. ಪರೀಕ್ಷೆ, ಪದವಿ ಎಲ್ಲ ವಿಶ್ವವಿದ್ಯಾಲಯದ್ದು. ಇರೋದು, ಉಣ್ಣೋದು, ಮೇಷ್ಟ್ರ ಎದುರು ಒಬ್ಬಿಬ್ಬರೇ ಕೂತು ಪಾಠ ಹೇಳಿಸಿಕೊಳ್ಳೋದು ಕಾಲೇಜಿನಲ್ಲಿ.

ಫ್ರಾನ್ಸಿಸ್ ಬೇಕನ್ 1573ರಲ್ಲಿ ಅಲ್ಲಿಗೆ ಸೇರಿದಾಗ ವಯಸ್ಸು ಬರೀ 12. ನ್ಯೂಟನ್ ಬಂದದ್ದು 1661ರಲ್ಲಿ, ಅದೂ ಸಬ್‌ಸೈಜರ್ ಆಗಿ. ಅಂದರೆ ಖರ್ಚು ತೂಗಿಸಲು ಅನುಕೂಲಸ್ಥರ ಚಾಕರಿ ಮಾಡಿಕೊಂಡು ಓದುವ ಹುಡುಗ. 1667ರಲ್ಲಿ ಅದೇ ಕಾಲೇಜಿನ ಫೆಲೋ, ಅಂದರೆ ವಿದ್ವಾಂಸ ಸದಸ್ಯ ಆದರು, 26ನೇ ವಯಸ್ಸಿಗೆ ಗಣಿತದ ಪ್ರೊಫೆಸರ್ ಆದರು, ಅಲ್ಲೇ ಕೂತು ಬರೆದ 'ಪ್ರಿನ್ಸಿಪಿಯಾ' 1687ರಲ್ಲಿ ಅಚ್ಚಾಯಿತು. ಮುಂದೆ ಮ್ಯಾಕ್ಸ್‌ವೆಲ್, ಎಲೆಕ್ಟ್ರಾನ್ ಕಂಡುಹಿಡಿದ ಜೆ.ಜೆ. ಥಾಮ್ಸನ್, ಅವರ ಶಿಷ್ಯ ರುದರ್‌ಫರ್ಡ್ ಎಲ್ಲ ಇಲ್ಲಿಯವರೇ. ಇಲ್ಲಿಯವರಿಗೆ ಬಂದ ನೊಬೆಲ್ ಬಹುಮಾನಗಳು 30 ದಾಟಿವೆ.

ಇದಕ್ಕೆ ಕಾರಣ ಏನು ಅಂದರೆ, ದುಡ್ಡು ಇದೆ, ಆಸ್ತಿ ಇದೆ, ಒಬ್ಬ ದೊಡ್ಡವರಿದ್ದ ಕಡೆಗೆ ಇನ್ನೊಬ್ಬರು ಹುಡುಕಿಕೊಂಡು ಬರುತ್ತಾರೆ, ಅದೂ ಇದೆ. ಆದರೆ ನನ್ನ ಪ್ರಕಾರ ಮುಖ್ಯವಾದದ್ದು ಫೆಲೋಶಿಪ್. ಊಟ, ಕೋಣೆ, ಒಂದಿಷ್ಟು ಹಣ ಕೊಟ್ಟು, ಇವತ್ತು ಏನು ಮಾಡಿದೆ ಅಂತ ಯಾರೂ ಲೆಕ್ಕ ಕೇಳದೆ ವರ್ಷಗಟ್ಟಲೆ ಯೋಚನೆ ಮಾಡೋಕೆ ಬಿಡೋದು ಸಣ್ಣ ಮಾತಲ್ಲ.

ಪ್ರಶ್ನೆ: ರಾಮಾನುಜನ್‌ಗೆ ಆ ಕಾಲೇಜು ಮೊದಲು ಫೆಲೋಶಿಪ್ ಕೊಡಲಿಲ್ಲವಂತೆ. ಯಾಕೆ?
(ನಿವೃತ್ತ ಗಣಿತ ಶಿಕ್ಷಕಿ, ಮೈಸೂರು)

ಹೌದು ಮೇಡಂ, 1917ರಲ್ಲಿ ಕೊಡಲಿಲ್ಲ. ಮದರಾಸು ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತರಾಗಿದ್ದ ರಾಮಾನುಜನ್ 1913ರ ಜನವರಿಯಲ್ಲಿ ಟ್ರಿನಿಟಿಯ ಗಣಿತಜ್ಞ ಹಾರ್ಡಿಗೆ ಕಾಗದ ಬರೆದರು, 1914ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್ ತಲುಪಿದರು. ಕೆಲವೇ ತಿಂಗಳಲ್ಲಿ ಮಹಾಯುದ್ಧ ಶುರು. ಕಾಲೇಜಿನ ಊಟ ಮುಟ್ಟದೆ ಕೋಣೆಯಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದರು, ಬೇಕಾದ ಸಾಮಾನು ಸಿಗುವುದು ಕಷ್ಟವಾಯಿತು, 1917ರ ಹೊತ್ತಿಗೆ ಕಾಯಿಲೆ ಬಿದ್ದರು.

ಅದೇ ಸಮಯಕ್ಕೆ ಕಾಲೇಜಿನ ಒಳಗೂ ಜಗಳ. ಯುದ್ಧ ಬೇಡ ಅಂದಿದ್ದಕ್ಕೆ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಅವರನ್ನು 1916ರಲ್ಲಿ ಟ್ರಿನಿಟಿ ಕೆಲಸದಿಂದ ತೆಗೆದುಹಾಕಿತ್ತು. ಹಾರ್ಡಿ ರಸೆಲ್ ಪರ ನಿಂತವರು. ಹಾಗಾಗಿ ಹಾರ್ಡಿ ಎತ್ತಿದ ಹೆಸರು ಅಂದರೆ ಹಲವರಿಗೆ ಆಗುತ್ತಿರಲಿಲ್ಲ. ಇದರ ಜೊತೆಗೆ ಬಣ್ಣದ ಮಾತು. ಕಪ್ಪು ಮನುಷ್ಯ ಫೆಲೋ ಆಗುವುದು ತನಗೆ ಬೇಡ ಅಂತ ಒಬ್ಬರು ಹೇಳಿದ್ದನ್ನು ಹಾರ್ಡಿಯ ಜೊತೆಗಾರ ಗಣಿತಜ್ಞ ಲಿಟಲ್‌ವುಡ್ ಮುಂದೆ ನೆನಪಿಸಿಕೊಂಡಿದ್ದಾರೆ. ಓದುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

1918ರ ಮೇನಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ ರಾಮಾನುಜನ್‌ರನ್ನು ತನ್ನ ಫೆಲೋ ಮಾಡಿಕೊಂಡಿತು. ಆ ಮೇಲೆ ಟ್ರಿನಿಟಿಗೆ ಬೇಡ ಅನ್ನೋಕೆ ಮುಖ ಇರಲಿಲ್ಲ. ಅಕ್ಟೋಬರ್‌ನಲ್ಲಿ ಫೆಲೋಶಿಪ್ ಕೊಟ್ಟರು, ವರ್ಷಕ್ಕೆ 250 ಪೌಂಡ್, ಆರು ವರ್ಷ, ಷರತ್ತು ಏನೂ ಇಲ್ಲ. ಆ ಕಾಲೇಜಿಗೆ ಮೊದಲ ಭಾರತೀಯ ಫೆಲೋ ಅವರೇ. ಆದರೆ 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್‌ನಲ್ಲಿ ತೀರಿಕೊಂಡರು. ವಯಸ್ಸು 32.

ಕೊನೆಯ ದಿನಗಳಲ್ಲಿ ಬರೆದ ನೂರಕ್ಕೂ ಹೆಚ್ಚು ಪುಟಗಳು ಟ್ರಿನಿಟಿಯ ರೆನ್ ಲೈಬ್ರರಿಯಲ್ಲಿ ಬಿದ್ದಿದ್ದವು. 1976ರಲ್ಲಿ ಗಣಿತಜ್ಞ ಜಾರ್ಜ್ ಆಂಡ್ರ್ಯೂಸ್ ಕಣ್ಣಿಗೆ ಬಿದ್ದು 'ಕಳೆದುಹೋದ ನೋಟ್‌ಬುಕ್' ಅಂತ ಹೆಸರಾಯಿತು. ಅದಕ್ಕೂ ಹಿಂದಿನ ಎರಡನೇ ನೋಟ್‌ಬುಕ್‌ನ 16ನೇ ಅಧ್ಯಾಯದ ಮೇಲೆ ನಿಮ್ಮ ಮೈಸೂರು ವಿಶ್ವವಿದ್ಯಾಲಯದ ಎಸ್. ಭಾರ್ಗವ ಮತ್ತು ಚಂದ್ರಶೇಖರ ಅಡಿಗರು ಅಮೆರಿಕದ ಗಣಿತಜ್ಞ ಬ್ರೂಸ್ ಬರ್ನ್ಟ್ ಜೊತೆ ಸೇರಿ ಮಾಡಿದ ಕೆಲಸ 1985ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿದೆ. ನಮ್ಮ ಜನಕ್ಕೆ ಇದು ಇನ್ನೂ ಜಾಸ್ತಿ ಗೊತ್ತಾಗಬೇಕು.

ಪ್ರಶ್ನೆ: ಕವಿ ಬೈರನ್ ಕಾಲೇಜಿನಲ್ಲಿ ಕರಡಿ ಸಾಕಿದ್ದು ಹೌದಾ, ಸುಮ್ನೆ ಕಥೆಯಾ?
(ಓದುಗರು, ಶಿರಸಿ)

ಹೌದು. 1807ರ ಕಾಗದದಲ್ಲಿ ಅವರೇ ಬರೆದಿದ್ದಾರೆ. ಕರಡಿಯನ್ನು ಏನು ಮಾಡುತ್ತೀರಿ ಅಂತ ಕೇಳಿದವರಿಗೆ, ಅದು ಫೆಲೋಶಿಪ್ ಪರೀಕ್ಷೆಗೆ ಕೂರುತ್ತೆ ಅಂದರಂತೆ.

ಪ್ರಶ್ನೆ: ನಮ್ಮ ದೇಶದ ಜೊತೆ ನಂಟಿದ್ದವರು ಇನ್ನೂ ಯಾರಿದ್ದಾರೆ? ಹೆಂಗಸರ ಹೆಸರೇ ಕಾಣಲ್ಲವಲ್ಲ?
(ಓದುಗರು, ಧಾರವಾಡ)

ಮೆಕಾಲೆ ಟ್ರಿನಿಟಿಯ ಫೆಲೋ ಆಗಿದ್ದವರು. 1834ರಲ್ಲಿ ಮದರಾಸಿನಲ್ಲಿ ಇಳಿದು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ದಾಟಿ ಊಟಿಗೆ ಹೋದರು. ಇಲ್ಲಿ ಇಂಗ್ಲಿಷ್ ಶಿಕ್ಷಣ ಬೇಕು ಅಂತ ಮರುವರ್ಷ ಅವರು ಬರೆದ ಟಿಪ್ಪಣಿಯ ಬಗ್ಗೆ ನಾವು ಇವತ್ತಿಗೂ ಜಗಳ ಆಡ್ತಾ ಇದ್ದೇವೆ, ಅಲ್ವಾ? ನೆಹರು 1907ರಿಂದ 1910ರವರೆಗೆ ವಿಜ್ಞಾನ ಓದಿದರು. ಕವಿ ಇಕ್ಬಾಲ್, ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಕೂಡ ಅಲ್ಲಿದ್ದವರು. 1953ರಲ್ಲಿ ವಿದ್ಯಾರ್ಥಿಯಾಗಿ ಹೋದ ಅಮರ್ತ್ಯ ಸೇನ್ 1998ರಲ್ಲಿ ಅದೇ ಕಾಲೇಜಿನ ಮಾಸ್ಟರ್, ಅಂದರೆ ಮುಖ್ಯಸ್ಥರಾದರು.

ಹೆಂಗಸರ ಹೆಸರು ಎಲ್ಲಿಂದ ಬರಬೇಕು? ಪದವಿ ತರಗತಿಗೆ ಹುಡುಗಿಯರನ್ನು ಸೇರಿಸಿಕೊಂಡದ್ದೇ 1978ರಲ್ಲಿ. ಮೊದಲ ಮಹಿಳಾ ಮಾಸ್ಟರ್ ಸ್ಯಾಲಿ ಡೇವಿಸ್ ಬಂದದ್ದು 2019ರಲ್ಲಿ. ಕೇಂಬ್ರಿಡ್ಜ್‌ನ ಗರ್ಟನ್, ನ್ಯೂನ್‌ಹ್ಯಾಮ್ ಕಾಲೇಜುಗಳಲ್ಲಿ ಮಾತ್ರ ಹೆಂಗಸರು 19ನೇ ಶತಮಾನದಿಂದಲೇ ಓದುತ್ತಿದ್ದರು. ನ್ಯೂನ್‌ಹ್ಯಾಮ್‌ನ ಫಿಲಿಪಾ ಫಾಸೆಟ್ 1890ರ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನದ ಗಂಡಸನ್ನೇ ಮೀರಿಸಿದರು. ಆದರೂ ಆಕೆಗೆ ಕೇಂಬ್ರಿಡ್ಜ್ ಪದವಿ ಕೊಡಲಿಲ್ಲ. ಹೆಂಗಸರಿಗೆ ಪೂರ್ಣ ಪದವಿ ಸಿಗೋಕೆ 1948 ಬರಬೇಕಾಯಿತು.