ಠಾಣೆಗೆ ದೂರು ಕೊಡದ ಹೊಡೆತವೂ ಸಾಕ್ಷ್ಯವೇ

ಪ್ರಶ್ನೆ: ಹನ್ನೊಂದು ವರ್ಷ ಗಂಡನ ಹೊಡೆತ ತಿಂದ ನನ್ನ ಅಕ್ಕ ಅವನನ್ನು ಕೊಂದದ್ದಕ್ಕೆ ಜೀವಾವಧಿ ಶಿಕ್ಷೆಯಾಗಿ ಜೈಲಿನಲ್ಲಿದ್ದಾಳೆ. ಒಮ್ಮೆಯೂ ಠಾಣೆಗೆ ದೂರು ಕೊಡದಿದ್ದ ಕಾರಣ, ಮೇಲ್ಮನವಿಯಲ್ಲಿ ಆ ಮಾತೆತ್ತಿ ಪ್ರಯೋಜನವಿಲ್ಲ ಎನ್ನುತ್ತಾರೆ. ನಿಜವೇ, ಮೇಡಂ?

ಉತ್ತರ: ನಿಜವಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದರೂ ಅದೇ ಸುಳ್ಳು ಮತ್ತೆ ಹಬ್ಬುತ್ತಿದೆ. ಇಂಥ ಕೇಸುಗಳು ಕೆಡುವುದು ಬೇರೆ ಕಡೆ. ಸಾಕ್ಷಿಗಳ ವಿಚಾರಣೆ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯ ಮಾತು ಕೇಳುವ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನ ಹೇಳಿಕೆಯಲ್ಲಿ (ಈಗ ನಾಗರಿಕ ಸುರಕ್ಷಾ ಸಂಹಿತೆಯ 351), ವಕೀಲರು ಹೇಳಿಕೊಟ್ಟಂತೆ ಪ್ರತಿ ಪ್ರಶ್ನೆಗೂ ‘ಸುಳ್ಳು’, ‘ಗೊತ್ತಿಲ್ಲ’ ಎಂದು ಹೇಳಿ ಸಹಿ ಹಾಕುವುದರಿಂದ, ಆಕೆ ಅನುಭವಿಸಿದ್ದು ದಾಖಲೆಗೆ ಬರುವುದೇ ಇಲ್ಲ. ಮೊದಲು ಆ ಹೇಳಿಕೆಯ ಪ್ರತಿ ತೆಗೆಸಿ ಓದಿ.

ಆಸ್ಪತ್ರೆಯ ಹಳೆಯ ಚೀಟಿಗಳಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದದ್ದು’ ಎಂದಿದ್ದರೂ ಎಸೆಯಬೇಡಿ. ಮುಂಗೈಗೇ ಪದೇ ಪದೇ ಪೆಟ್ಟಾಗಿದ್ದರೆ ಅದು ತಲೆಗೆ ಬೀಳುವ ಏಟನ್ನು ಕೈಯೊಡ್ಡಿ ತಡೆದದ್ದರ ಗುರುತಾಗಿರಬಹುದು. ಜೈಲಿಗೆ ಸೇರಿಸಿಕೊಳ್ಳುವಾಗ ಮಾಡಿದ ವೈದ್ಯಕೀಯ ತಪಾಸಣೆಯ ವರದಿಯನ್ನೂ ಕೇಳಿ ಪಡೆಯಿರಿ. ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ಹೈಕೋರ್ಟಿಗೆ ಇದೆ, ಆದರೆ ಸುಲಭವಾಗಿ ಒಪ್ಪುವುದಿಲ್ಲ.

‘ಗಂಭೀರ ಮತ್ತು ಹಠಾತ್ ಪ್ರಚೋದನೆ’ ಇದ್ದರೆ ಕೃತ್ಯ ಕೊಲೆಯಾಗದು ಎಂಬ ಕಾನೂನಿನ ವಿನಾಯಿತಿಯಲ್ಲಿ ‘ಹಠಾತ್’ ಎಂಬ ಷರತ್ತೇ ವರ್ಷಗಟ್ಟಲೆ ಸಹಿಸಿದವಳಿಗೆ ಅಡ್ಡ ಬರುತ್ತದೆ. ಆದರೆ ಮಕ್ಕಳೊಂದಿಗೆ ಬಾವಿಗೆ ಹಾರಿ ತಾನು ಮಾತ್ರ ಬದುಕುಳಿದ ತಾಯಿಯೊಬ್ಬಳ ಕೇಸಿನಲ್ಲಿ ಮದ್ರಾಸ್ ಹೈಕೋರ್ಟು 1989ರಲ್ಲಿ ದೀರ್ಘಕಾಲದ ಪ್ರಚೋದನೆಯನ್ನೂ ಒಪ್ಪಿತು. ಅದು ನಮ್ಮ ಹೈಕೋರ್ಟನ್ನು ಕಟ್ಟಿಹಾಕದಿದ್ದರೂ ವಕೀಲರು ಮುಂದಿಡಲೇಬೇಕಾದ ತೀರ್ಪು. ಬಿಡುಗಡೆಯ ಭರವಸೆಯನ್ನು ನಾನು ಕೊಡುವುದಿಲ್ಲ. ಶಿಕ್ಷೆ ಇಳಿಯುವುದೂ ಸಣ್ಣ ಮಾತಲ್ಲ.

ಮೂರು ತಿಂಗಳಲ್ಲಿ ಬಿಡಿಸುತ್ತೇನೆ ಎನ್ನುವ ದಲ್ಲಾಳಿಗೂ, ಹಣ ಪಡೆದು ‘ಬುದ್ಧಿಭ್ರಮಣೆ’ ಎಂದು ಬರೆದುಕೊಡುವ ವೈದ್ಯನಿಗೂ ಬಿಡಿಗಾಸು ಕೊಡಬೇಡಿ. ಒಂದು ಸುಳ್ಳು ಸರ್ಟಿಫಿಕೇಟು ನಿಜವಾದ ಚೀಟಿಗಳ ಮೇಲೂ ಅನುಮಾನ ಹುಟ್ಟಿಸುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಜೈಲು ಅಧೀಕ್ಷಕರ ಮೂಲಕ ಅರ್ಜಿ ಹಾಕಿಸಿ.

ಪ್ರಶ್ನೆ: ಜೈಲಿಗೆ ಬಂದು ಹೆದರಿಸುವ ಗಂಡನನ್ನು ನನ್ನ ತಂಗಿ ಭೇಟಿಯಾಗಲೇಬೇಕೇ?

ಉತ್ತರ: ಬೇಕಿಲ್ಲ, ಭೇಟಿ ಬೇಡವೆಂದು ಅಧೀಕ್ಷಕರಿಗೆ ಬರೆದುಕೊಡಲಿ.

ಪ್ರಶ್ನೆ: ಸತ್ತವನ ಮನೆಯವರೊಂದಿಗೆ ರಾಜಿಯಾದರೆ ಕೊಲೆ ಕೇಸು ಮುಗಿಯುತ್ತದೆಯೇ?

ಉತ್ತರ: ಇಲ್ಲ. ಆ ಹೆಸರಿನಲ್ಲಿ ಜಮೀನು ಬರೆದುಕೊಡಬೇಡಿ.