ದಾವಣಗೆರೆಯ ನಮ್ಮ ಮನೆ ಕೋಣೆಯಲ್ಲಿ ಪಾಡ್‌ಕಾಸ್ಟ್ ರೆಕಾರ್ಡ್ ಮಾಡಿದರೆ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಹೊಸ ಮೈಕ್ ತರಬೇಕಾ?
ಬೇಡ. ತಪ್ಪು ಮೈಕಿನದ್ದಲ್ಲ, ಕೋಣೆಯದ್ದು. ಬರಿಗೋಡೆಯ ಕೋಣೆಯಲ್ಲಿ ದುಬಾರಿ ಮೈಕಿಗೂ ಅದೇ ಗತಿ.

ನೀವಾಡಿದ ಮಾತು ಮೈಕಿಗೆ ಒಮ್ಮೆ ನೇರವಾಗಿ ತಲುಪುತ್ತದೆ. ಆಮೇಲೆ ಟೈಲ್ಸ್, ಆರ್‌ಸಿಸಿ ತಾರಸಿ, ಗೋಡೆಗಳಿಗೆ ಬಡಿದು ಮತ್ತೆ ಮತ್ತೆ ಬರುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವುದರಿಂದ, 3 ಮೀಟರ್ ದೂರದ ಗೋಡೆಗೆ ಹೋಗಿ ಬರಲು ಸೆಕೆಂಡಿನ ಐವತ್ತನೇ ಒಂದು ಭಾಗವೂ ಬೇಡ. ಎದುರು ಕೂತು ಕೇಳುವಾಗ ನಮ್ಮ ಮಿದುಳು ಈ ಮರುದನಿಯನ್ನು ಬಹುಮಟ್ಟಿಗೆ ಬದಿಗೆ ಸರಿಸುತ್ತದೆ. ಮೈಕಿಗೆ ಆ ಜಾಣತನ ಇಲ್ಲ.

ಮೊದಲು ಮೈಕನ್ನು ಬಾಯಿಗೆ ಅರ್ಧ ಗೇಣಿನಷ್ಟು ಹತ್ತಿರ ತನ್ನಿ, ತುಸು ಓರೆಯಾಗಿ. ನೇರ ಹಿಡಿದರೆ 'ಪ', 'ಭ' ಎಲ್ಲ ಉಸಿರಿನ ಗುದ್ದಾಗುತ್ತವೆ. ದೂರ ಅರ್ಧವಾದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಮರುದನಿ ಇದ್ದಷ್ಟೇ ಇರುತ್ತದೆ.

ಆಮೇಲೆ ಚಳ್ಳಕೆರೆಯ ಕಂಬಳಿ ಎರಡು ತಂದು ಬೆನ್ನ ಹಿಂದೊಂದು, ಎದುರಿಗೊಂದು ಹಗ್ಗಕ್ಕೆ ನೇತುಹಾಕಿ. ಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಉಣ್ಣೆಯ ಎಳೆಗಳ ನಡುವೆ ಗಾಳಿ ಉಜ್ಜಾಡಿ ಶಬ್ದದ ಶಕ್ತಿ ಶಾಖವಾಗಿ ಕರಗುತ್ತದೆ. ಮೊಟ್ಟೆ ಟ್ರೇ ಅಂಟಿಸಿ ಅಂತ ಯಾರಾದರೂ ಹೇಳಿದರೆ ನಗಬೇಕಷ್ಟೆ, ಅದು ತೆಳು ರಟ್ಟು. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟರೆ ಅದಕ್ಕಿಂತ ವಾಸಿ.

ಆದರೆ ಕಂಬಳಿ ಒಳಗಿನ ಮರುದನಿ ಹೀರುತ್ತದೆಯೇ ಹೊರತು ಪಿ.ಬಿ. ರಸ್ತೆಯ ಹಾರ್ನ್ ತಡೆಯುವುದಿಲ್ಲ. ಅದಕ್ಕೆ ಬೆಳಗಿನ ಜಾವವೇ ಗತಿ, ಫ್ಯಾನ್ ಆಫ್ ಮಾಡಿಕೊಂಡು.