ಹೊಲ ನೋಡುವವಳು ಸೊಸೆ, ಪಹಣಿ ಮಾವನ ಹೆಸರಿಗೆ

ಪ್ರಶ್ನೆ: ನಮ್ಮದು ನಾಲ್ಕು ಎಕರೆ ಎರೆ ಭೂಮಿ, ಮಳೆಯನ್ನೇ ನಂಬಿದ್ದು. ಯಜಮಾನರು ದಸರೆ ಮುಗಿಯುತ್ತಲೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರೆ ಹೋಳಿ ಹುಣ್ಣಿಮೆಗೆ ಮರಳುತ್ತಾರೆ. ಅಲ್ಲಿಯವರೆಗೆ ಹೊಲ ನೋಡುವವರು ನಾನು ಮತ್ತು ಅತ್ತೆ. 2023ರಲ್ಲಿ ಜೋಳ ಒಣಗಿತು, ಪರಿಹಾರ ಬರಲಿಲ್ಲ. ಪಹಣಿ ಇನ್ನೂ ತೀರಿಕೊಂಡ ಮಾವನವರ ಹೆಸರಿನಲ್ಲಿದೆ. ಈಚೆಗೆ ಊರಿನಲ್ಲಿ ಹವಾಮಾನ ಬದಲಾವಣೆ ಮತ್ತು ಮಹಿಳಾ ಸಬಲೀಕರಣದ ತರಬೇತಿ ನಡೆಯಿತು. ‘ಮಳೆ ಕೈಕೊಡುವುದಕ್ಕೂ ಹೆಂಗಸರಿಗೂ ಏನು ಸಂಬಂಧ?’ ಎಂದು ಯಜಮಾನರು ಫೋನಿನಲ್ಲಿ ನಕ್ಕರು. ನನಗೂ ಉತ್ತರ ಹೊಳೆಯಲಿಲ್ಲ. ನಾವೇನು ಮಾಡಬಹುದು?
– ಓದುಗರೊಬ್ಬರು, ಇಂಡಿ ತಾಲ್ಲೂಕು

ಉತ್ತರ: ತಂಗಿ, ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮಳೆ ಹೆಣ್ಣು ಗಂಡು ನೋಡಿ ಕೈಕೊಡುವುದಿಲ್ಲ, ನಿಜ. ಆದರೆ ಕೈಕೊಟ್ಟ ಮೇಲೆ ಅವರು ಗುಳೆ ಹೋದರು, ನೀವು ಒಣಗಿದ ಹೊಲದಲ್ಲಿ ಉಳಿದಿರಿ. ಪರಿಹಾರದ ಹಣ ಪಹಣಿಯಲ್ಲಿರುವ ಹೆಸರನ್ನು ಹುಡುಕಿಕೊಂಡು ಹೋಯಿತು, ಆ ಹೆಸರಿನವರು ಬದುಕಿರಲಿಲ್ಲ. ಹವಾಮಾನಕ್ಕೆ ಹೊಂದಿಕೊಳ್ಳುವ ಕೆಲಸ ಲಿಂಗ ಸಮಾನತೆಯನ್ನು ಗಮನದಲ್ಲಿಟ್ಟು ನಡೆಯಬೇಕೆಂದು 2015ರ ಪ್ಯಾರಿಸ್ ಒಪ್ಪಂದದಲ್ಲೂ ಬರೆದಿದ್ದಾರೆ. ಅದನ್ನು ಯಜಮಾನರಿಗೆ ಓದಿ ಹೇಳಬೇಡಿ, ಇನ್ನೂ ಜೋರಾಗಿ ನಕ್ಕಾರು. ಲೆಕ್ಕ ಹೇಳಿ.

ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಳೆ ಹಾಳಾದರೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್ ಮಿತಿಯೊಳಗೆ. ನಿಮ್ಮ ನಾಲ್ಕು ಎಕರೆಗೆ ಸುಮಾರು 13,700 ರೂಪಾಯಿ ಆಗುತ್ತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ನಿಮಗೋ ಅತ್ತೆಗೋ ಬಂದಿರಬಹುದು. ಮನೆಗೆ ಯಜಮಾನಿ ಇದ್ದಾಳೆಂದು ಸರ್ಕಾರ ಒಪ್ಪಿದೆ, ಹೊಲಕ್ಕೂ ಒಬ್ಬಳು ಇದ್ದಾಳೆಂದು ಕಾಗದ ಇನ್ನೂ ಒಪ್ಪಿಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ ಮಹಿಳೆಯರ ಹೆಸರಿನಲ್ಲಿ ಇದ್ದದ್ದು ಸುಮಾರು 14.

ಆದ್ದರಿಂದ ಮೊದಲ ಕೆಲಸ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮಾವನವರ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ. ಶಕ್ತಿ ಯೋಜನೆಯ ಬಸ್ಸು ಇದೆ, ಎರಡು ಸಲ ಅಲೆಯಬೇಕಾದರೂ ಟಿಕೆಟ್ಟಿನ ಚಿಂತೆಯಿಲ್ಲ. ಇಲ್ಲೊಂದು ಕಹಿ ಮಾತು: ಗಂಡ ಇರುವಾಗ ಸೊಸೆ ನೇರ ವಾರಸುದಾರಳಲ್ಲ. ಖಾತೆಗೆ ಬರುವುದು ಅತ್ತೆ, ನಿಮ್ಮ ಯಜಮಾನರು ಮತ್ತು ಅವರ ಒಡಹುಟ್ಟಿದವರ ಹೆಸರು. ಅತ್ತೆಯ ಹೆಸರು ಬಂದರೂ ಸಣ್ಣ ಗೆಲುವಲ್ಲ. ಪಾಲು ಬೇರೆಯಾದ ಮೇಲೆ ಯಜಮಾನರು ತಮ್ಮ ಭಾಗದಲ್ಲಿ ಒಂದಿಷ್ಟನ್ನು ನೋಂದಾಯಿತ ದಾನಪತ್ರದ ಮೂಲಕ ನಿಮ್ಮ ಹೆಸರಿಗೆ ಮಾಡಬಹುದು.

ನಾದಿನಿ ಇದ್ದರೆ ಅವರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮಾತು ಮನೆಯಲ್ಲಿ ಬಂದೇ ಬರುತ್ತದೆ. ದಯವಿಟ್ಟು ಅದಕ್ಕೆ ತಲೆಯಾಡಿಸಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂಬುದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಅದೇ ಕಾನೂನು ನಿಮ್ಮ ತವರಿನ ಹೊಲಕ್ಕೂ ಅನ್ವಯಿಸುತ್ತದೆ ಎಂಬುದನ್ನು ನೀವೇ ಮರೆತಿರಬಹುದು. ಅರಿಸಿನ–ಕುಂಕುಮದ ಸೀರೆಗೆ ಎಕರೆಗಳನ್ನು ಬಿಟ್ಟುಕೊಟ್ಟವರನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಫೋನು. ಖಾತೆಯಾದ ಮೇಲೆ ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಮಾಡಿಸುವಾಗ ಊರಲ್ಲಿ ಇರುವವರ ಮೊಬೈಲ್ ಸಂಖ್ಯೆ ಕೊಡಿಸಿ. ಒಟಿಪಿ ಸಾಂಗ್ಲಿಯ ಕಬ್ಬಿನ ಗದ್ದೆಯಲ್ಲಿ ಬಡಿದುಕೊಳ್ಳುತ್ತಿದ್ದರೆ ಇಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ. ಬೆಳೆ ಸಮೀಕ್ಷೆಗೆ ಬರುವ ಹುಡುಗ ಬದುವಿನ ಮೇಲೆ ನಿಂತು ಫೋಟೊ ತೆಗೆದು ಹೋಗದಂತೆ ನೋಡಿಕೊಳ್ಳಿ. ಜೋಳದ ನಡುವೆ ಕಡಲೆ, ಕುಸುಬೆ ಇದ್ದರೆ ಅದನ್ನೂ ಬರೆಸಿ. ಬೆಳೆ ವಿಮೆಯ ಹಣಕ್ಕೆ ಆ ದಾಖಲೆಯನ್ನೇ ತಾಳೆ ನೋಡುತ್ತಾರೆ. ಹಿಂಗಾರಿಗೆ ರೈತರ ಪಾಲಿನ ಕಂತು ವಿಮಾ ಮೊತ್ತದ ಶೇ 1.5 ಮಾತ್ರ.

ಹೊಲದ ವಿಷಯಕ್ಕೆ ಬಂದರೆ, ನಿಮ್ಮ ಎರೆ ಭೂಮಿಗೆ ಚೌಕು ಮಡಿಗಿಂತ ಅಗ್ಗದ ಉಪಾಯ ನನಗೆ ತಿಳಿದಿಲ್ಲ. ಮುಂಗಾರಿನಲ್ಲಿ ಹೊಲ ಖಾಲಿ ಇರುವಾಗಲೇ ಹತ್ತರಿಂದ ಹದಿನೈದು ಅಡಿಯ ಚೌಕಗಳಾಗಿ ಸಣ್ಣ ಬದು ಎಳೆಸಿದರೆ, ಬಿದ್ದ ಮಳೆ ಹಳ್ಳ ಸೇರುವ ಬದಲು ಬಿದ್ದಲ್ಲೇ ಇಂಗುತ್ತದೆ. ಹಿಂಗಾರಿಯಲ್ಲಿ ಜೋಳ ಬದುಕುವುದು ಆ ಹಸಿಯ ಮೇಲೆಯೇ. ಜೂನ್–ಜುಲೈನಲ್ಲಿ ಯಜಮಾನರು ಊರಲ್ಲೇ ಇರುತ್ತಾರಲ್ಲ, ಎತ್ತು ಹೂಡುವ ಕೆಲಸ ಅವರಿಗೇ ವಹಿಸಿ. ವಿಜಯಪುರದ ಬಳಿಯ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ನಿಮ್ಮ ಇಳಿಜಾರಿಗೆ ಎಷ್ಟು ಅಡಿ ಎಂದು ಹೇಳುತ್ತಾರೆ.

ಬೀಜದ ತೆನೆ ಆರಿಸುವುದು ಅತ್ತೆಗೆ ಗೊತ್ತಿರುತ್ತದೆ, ಅವರಿಂದ ಕಲಿಯಿರಿ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ಸಿರಿಧಾನ್ಯದ ಬೀಜ ಬ್ಯಾಂಕ್ ಕಟ್ಟಿಕೊಂಡು, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದರು. ನಿಮ್ಮ ಸಂಘದಲ್ಲಿ ಸದ್ಯ ಸಾಲದ ಕಂತಿನ ಮಾತೇ ಹೆಚ್ಚಿರಬಹುದು. ಬರುವ ಎಳ್ಳ ಅಮಾವಾಸ್ಯೆಗೆ ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಬಂದಾಗ, ಯಾರ ಮನೆಯಲ್ಲಿ ಯಾವ ಹಳೆಯ ಬೀಜ ಉಳಿದಿದೆ ಎಂದು ಒಮ್ಮೆ ಕೇಳಿ ನೋಡಿ.